ಗಾಜು ಬದಲಿಸಿದ ಮೇಲೆ ನಡುಹಗಲಲ್ಲೂ ಹೆಡ್‌ಲೈಟ್ ಆರುತ್ತಿಲ್ಲ (ಆಟೋ ಮೋಡ್)

ತುಂಗಾತೀರ_ಡ್ರೈವರ್ · ಶನಿವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಶಿರಾಡಿ ಘಾಟಿಯಲ್ಲಿ ಮುಂದಿದ್ದ ಲಾರಿಯ ಚಕ್ರದಿಂದ ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಟ್ಟಿತು. ಇನ್ಶೂರೆನ್ಸ್‌ನಲ್ಲಿ ಹೊಸ ಗಾಜು ಹಾಕಿಸಿದೆ. ಅವತ್ತಿನಿಂದ ಹೆಡ್‌ಲೈಟ್ ಸ್ವಿಚ್ಚನ್ನು ಆಟೋದಲ್ಲಿಟ್ಟರೆ (ಹೊರಗಿನ ಬೆಳಕು ನೋಡಿ ದೀಪ ತಾನೇ ಹತ್ತಿ ಆರುವ ಮೋಡ್) ಮಧ್ಯಾಹ್ನ ಹನ್ನೆರಡಕ್ಕೂ ಲೋ ಬೀಮ್ ಉರಿಯುತ್ತಲೇ ಇರುತ್ತದೆ. ಎದುರಿಗೆ ಬರುವವರೆಲ್ಲ ಕೈ ಆಡಿಸಿ ತೋರಿಸುತ್ತಾರೆ. ಕೈಯಿಂದ ಆಫ್ ಮಾಡಿದರೆ ಸರಿಯಾಗಿ ಆರುತ್ತದೆ, ಫ್ಯೂಸ್ ಎಲ್ಲ ನೋಡಿದೆ. ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ: ಒಣಗಾಜಿನ ಮೇಲೆ ವೈಪರ್ ಆಗಾಗ ತಾನೇ ಒಂದು ಸಲ ಬೀಸುತ್ತದೆ. ಸರ್ವಿಸ್‌ನವರು ಸೆನ್ಸರ್ ಹೋಗಿದೆ, 11,000 ರೂಪಾಯಿ ಆಗುತ್ತದೆ ಅಂದರು. ಹಾಕಿಸಲಾ?

ಕುಡ್ಲದ_ಹುಡುಗಿ

ಡ್ಯಾಶ್‌ಬೋರ್ಡ್ ಮೇಲೆ ಏನಾದರೂ ಇಟ್ಟಿದ್ದೀರಾ ನೋಡಿ ಮಾರಾಯ್ರೆ. ನಮ್ಮ ಕಾರಿನಲ್ಲಿ ಆಯುಧಪೂಜೆಯ ಮರುದಿನ ಇದೇ ಕತೆ. ಅಪ್ಪ ಗಣಪತಿಗೆ ಹಾಕಿದ ಸೇವಂತಿಗೆ ಹಾರ ಸರಿದು, ಗಾಜಿನ ಬುಡದಲ್ಲಿರುವ ಬೆಳಕಿನ ಸೆನ್ಸರ್‌ನ ಸಣ್ಣ ಕಪ್ಪು ಗುಬ್ಬಿಯ ಮೇಲೆ ಕೂತಿತ್ತು. ಹಾರ ತೆಗೆದದ್ದೇ ಸರಿ, ದೀಪ ಆರಿತು.

ತುಂಗಾತೀರ_ಡ್ರೈವರ್

ಇಲ್ಲಕ್ಕ, ನಮ್ಮದರಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಗುಬ್ಬಿಯೇ ಇಲ್ಲ. ಒಳಗಿನ ಕನ್ನಡಿಯ ಹಿಂದೆ, ಗಾಜಿಗೆ ಅಂಟಿಕೊಂಡ ಹಾಗೆ ಒಂದು ಡಬ್ಬಿ ಇದೆ.

ಹುಬ್ಬಳ್ಳಿ_ವೈರಿಂಗ್

ಹನ್ನೊಂದು ಸಾವಿರ ಈಗಲೇ ಕೊಡಬ್ಯಾಡ್ರಿ. ಎತ್ತಿಗೆ ಜ್ವರ ಬಂದ್ರ ಎಮ್ಮೆಗೆ ಬರೆ ಎಳೆದಂಗ ಆಗ್ತೈತಿ ಅಂತ ನನ್ನ ಅನುಮಾನ.

ಆ ಡಬ್ಬಿಯೊಳಗೆ ಇರೋದು ಒಂದಲ್ಲ, ಎರಡು ಕೆಲಸ: ಹೆಡ್‌ಲೈಟಿಗಾಗಿ ಬೆಳಕು ನೋಡೋದು, ಆಟೋ ವೈಪರ್‌ಗಾಗಿ ಮಳೆ ನೋಡೋದು. ಮೊದಲನೆಯದು ಬೆಳಕು ಅಳೆಯೋದು. ಅದಕ್ಕೆ ಫೋಟೋಡಯೋಡ್ ಇರುತ್ತದೆ: ಬೆಳಕು ಬಿದ್ದಷ್ಟೂ ಅದರಲ್ಲಿ ಕರೆಂಟ್ ಹೆಚ್ಚು. ಚೆನ್ನಾಗಿರೋ ಸೆನ್ಸರ್‌ಗಳಲ್ಲಿ ಎರಡು ದಿಕ್ಕಿನ ನೋಟ. ಒಂದು ಅಗಲವಾಗಿ ಮೇಲಿನ ಆಕಾಶ ನೋಡಿದರೆ, ಇನ್ನೊಂದು ಇಕ್ಕಟ್ಟಾಗಿ ಮುಂದಿನ ರಸ್ತೆ ನೋಡುತ್ತದೆ. ಫ್ಲೈಓವರ್ ಕೆಳಗೆ ಹೋದಾಗ ಮೇಲೆ ಕತ್ತಲು, ಮುಂದೆ ಬೆಳಕು, ಹಾಗಾಗಿ ಅವಸರ ಮಾಡೋದಿಲ್ಲ. ಸುರಂಗದಲ್ಲಿ ಎರಡೂ ಕತ್ತಲಾದರೆ ತಕ್ಷಣ ದೀಪ. ಇಷ್ಟಾದರೂ ದೀಪ ಹಚ್ಚೋದು ಸೆನ್ಸರ್ ಅಲ್ಲ. ಅದು ಲೆಕ್ಕ ಕಳಿಸುತ್ತದೆ, ತೀರ್ಮಾನ ಮಾಡೋದು ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ದೀಪ, ವೈಪರ್ ಇಂಥವನ್ನು ನಡೆಸೋ ಕಾರಿನ ಸಣ್ಣ ಕಂಪ್ಯೂಟರ್.

ಈಗ ಲೆಕ್ಕ ನೋಡ್ರಿ. ವಿಶ್ವಸಂಸ್ಥೆಯ ವಾಹನ ನಿಯಮ 48ರ ಪ್ರಕಾರ ಹೊರಗಿನ ಬೆಳಕು 1,000 ಲಕ್ಸ್‌ಗಿಂತ (ಲಕ್ಸ್ ಅಂದರೆ ಬೆಳಕಿನ ಅಳತೆ) ಇಳಿದರೆ 2 ಸೆಕೆಂಡಿನೊಳಗೆ ದೀಪ ಹತ್ತಬೇಕು. 7,000 ದಾಟಿದರೆ ಆರಬೇಕು, ಆದರೆ 5 ಸೆಕೆಂಡ್ ಕಳೆದ ಮೇಲೆ, 300 ಸೆಕೆಂಡಿನೊಳಗೆ. ನಡುವಿನದು ಕಂಪನಿಯವರ ಇಷ್ಟ. ಈ ನಡುವಿನ ಜಾಗ ಇರೋದರಿಂದಲೇ ಸಾಲುಮರದ ರಸ್ತೆಯಲ್ಲಿ ಬಿಸಿಲು ನೆರಳಿಗೆ ತಕ್ಕಂತೆ ದೀಪ ಮಿಟುಕೋದಿಲ್ಲ. ನಮ್ಮ ನಡುಹಗಲ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಅದನ್ನು ಸಾವಿರಕ್ಕಿಂತ ಕೆಳಗೆ ಇಳಿಸಬೇಕೆಂದರೆ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಬೆಳಕು ತಡೆಯಬೇಕು. ಗಾಜಿನ ಧೂಳಿನಿಂದ, ಸ್ವಲ್ಪ ಕಲೆಯಿಂದ ಅದು ಆಗೋ ಮಾತಲ್ಲ.

ಹಾಗಾದರೆ ಮೂರು ದಾರಿ ಉಳಿದವು. ಹೊಸ ಗಾಜಿನ ಕಪ್ಪು ಅಂಚು ಅಥವಾ ಕೀಳದೆ ಬಿಟ್ಟ ಸ್ಟಿಕ್ಕರ್ ಸೆನ್ಸರ್‌ಗೆ ಪೂರ್ತಿ ಅಡ್ಡ ಬಂದಿರಬೇಕು. ಇಲ್ಲವೇ ಸೆನ್ಸರ್‌ಗೆ ವೈರ್ ಜೋಡಿಸೋ ಕನೆಕ್ಟರ್ ಸರಿಯಾಗಿ ಕೂತಿಲ್ಲ. ಸೆನ್ಸರ್ ಮಾತಾಡದಿದ್ದರೆ ರಾತ್ರಿ ಕತ್ತಲಲ್ಲಿ ಬಿಡೋದಕ್ಕಿಂತ ಹಗಲು ಉರಿಯಲಿ ಅಂತ ಎಷ್ಟೋ ಕಾರುಗಳು ದೀಪ ಹಚ್ಚಿಯೇ ಇಡುತ್ತವೆ. ಇಲ್ಲವೇ ತಪ್ಪು ಬೆಳಕಿನ ಕಡೆ ಇಲ್ಲ, ಮಳೆಯ ಕಡೆ ಇದೆ. ನೀವು "ಸಂಬಂಧ ಇದೆಯೋ ಇಲ್ಲವೋ" ಅಂತ ಕೊನೆಗೆ ಹೇಳಿದ ವೈಪರ್ ವಿಷಯ ನನಗೆ ಮೊದಲು ಕಣ್ಣಿಗೆ ಬಿತ್ತು. ಕನೆಕ್ಟರ್ ಕಳಚಿದ್ದರೆ ವೈಪರ್ ಹೀಗೆ ಹುಚ್ಚಾಟ ಆಡೋದು ಕಡಿಮೆ.

ಒಂದು ಪರೀಕ್ಷೆ ಮಾಡ್ರಿ. ಬಯಲಲ್ಲಿ ನಿಲ್ಲಿಸಿ, ವೈಪರ್ ಕಡ್ಡಿಯನ್ನು ಆಟೋದಿಂದ ಪೂರ್ತಿ ಆಫ್‌ಗೆ ತನ್ನಿ, ಹೆಡ್‌ಲೈಟ್ ಆಟೋದಲ್ಲೇ ಇರಲಿ. ಹತ್ತು ನಿಮಿಷ ಕಾಯಿರಿ. ಒಂದೇ ನಿಮಿಷಕ್ಕೆ "ಆರಲಿಲ್ಲ" ಅಂತ ಬರೀಬ್ಯಾಡ್ರಿ.

ತುಂಗಾತೀರ_ಡ್ರೈವರ್ · ಮಧ್ಯಾಹ್ನ

ಅಣ್ಣ, ನಾಲ್ಕನೇ ನಿಮಿಷಕ್ಕೆ ಆರಿತು! ಕೈಯಿಂದ ಗಾಜಿನ ಹೊರಗಡೆ ಸೆನ್ಸರ್ ಜಾಗ ಮುಚ್ಚಿದೆ, ತಕ್ಷಣ ಹತ್ತಿತು. ಕೈ ತೆಗೆದ ಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ ಆರಿತು. ಅಂದರೆ ಸೆನ್ಸರ್ ಸರಿ ಇದೆ ಅಂತಲಾ?

ಹುಬ್ಬಳ್ಳಿ_ವೈರಿಂಗ್

ಬೆಳಕಿನ ಅರ್ಧ ಗಟ್ಟಿ ಐತಿ. ಮಳೆಯ ಅರ್ಧ ಹೀಗೆ ಕೆಲಸ ಮಾಡುತ್ತದೆ: ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಓರೆಯಾಗಿ ಗಾಜಿನೊಳಕ್ಕೆ ಬಿಡುತ್ತದೆ. ಗಾಜು ಒಣಗಿದ್ದರೆ ಆ ಬೆಳಕು ಹೊರಮೈಗೆ ಬಡಿದು ಪೂರ್ತಿ ಒಳಕ್ಕೆ ವಾಪಸ್ ಬರುತ್ತದೆ. ಹನಿ ಕೂತರೆ ಆ ಜಾಗದಲ್ಲಿ ಬೆಳಕು ಹೊರಗೆ ಸೋರಿಹೋಗುತ್ತದೆ. ವಾಪಸ್ ಬಂದದ್ದು ಕಡಿಮೆಯಾದರೆ "ಮಳೆ" ಅಂತ ಅರ್ಥ. ಈ ಬೆಳಕು ಸೆನ್ಸರ್‌ನಿಂದ ಗಾಜಿಗೆ ದಾಟೋಕೆ ನಡುವೆ ಪಾರದರ್ಶಕ ಸಿಲಿಕೋನ್ ಪ್ಯಾಡ್ ಇರುತ್ತದೆ. ಅಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಬೆಳಕು ದಾಟೋದೇ ಇಲ್ಲ, ವಾಪಸ್ ಬರೋದೂ ಇಲ್ಲ. ಸೆನ್ಸರ್ ಪಾಲಿಗೆ ಬೇಸಿಗೆಯಲ್ಲೂ ಮಳೆಗಾಲ. ವೈಪರ್ ಬೀಸಿದರೆ ದೀಪವೂ ಹತ್ತಲಿ ಅನ್ನೋ ಏರ್ಪಾಡು ಬಹಳ ಕಾರುಗಳಲ್ಲಿ ಇದೆ, ವೈಪರ್ ನಿಂತ ಮೇಲೂ ಕೆಲವು ನಿಮಿಷ ಉರಿಯುತ್ತದೆ. ಆರುವ ಮೊದಲೇ ಇನ್ನೊಂದು ಸಲ ಬೀಸಿದರೆ? ಅದೇ ನಿಮ್ಮ ಸಮಸ್ಯೆ.

ಹೊರಗೆ ನಿಂತು ಆ ಜಾಗವನ್ನು ಓರೆಯಾಗಿ ನೋಡ್ರಿ. ಪ್ಯಾಡ್ ಸರಿ ಅಂಟಿದ್ದರೆ ಒಂದೇ ಸಮ ಕಪ್ಪಗೆ ಕಾಣುತ್ತದೆ. ಗಾಳಿ ಇದ್ದರೆ ಬೆಳ್ಳಿ ಬಣ್ಣದ ಮಚ್ಚೆ.

ತುಂಗಾತೀರ_ಡ್ರೈವರ್

ನಾಣ್ಯದಗಲ ಬೆಳ್ಳಿ ಮಚ್ಚೆ ಇದೆ. ಹಳೇ ಪ್ಯಾಡನ್ನೇ ಕಿತ್ತು ಮತ್ತೆ ಅಂಟಿಸಿದ್ದಾರೆ ಅನ್ಸುತ್ತೆ. ಫೆವಿಕ್ವಿಕ್ ಹಾಕಿ ಒತ್ತಿದರೆ ನಡೆಯುತ್ತಾ?

ಹುಬ್ಬಳ್ಳಿ_ವೈರಿಂಗ್

ದೇವರಾಣೆಗೂ ಬ್ಯಾಡ. ಆಮೇಲೆ ಗಾಜೂ ಹೋಗ್ತೈತಿ, ಸೆನ್ಸರೂ ಹೋಗ್ತೈತಿ. ಹೊಸ ಪ್ಯಾಡ್ ತರಿಸಿ. ಇಗ್ನಿಷನ್ ಆಫ್ ಮಾಡಿಯೇ ಕೈ ಹಾಕ್ರಿ, ಇಲ್ಲದಿದ್ದರೆ ಗಾಜು ಒರೆಸುವಾಗ ವೈಪರ್ ಬಂದು ಬೆರಳಿಗೆ ಬಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಗಾಜನ್ನೂ ಸೆನ್ಸರ್ ಮುಖವನ್ನೂ ಒರೆಸಿ, ಪ್ಯಾಡಿಗೆ ಬೆರಳ ಗುರುತು ಬೀಳದಂತೆ ಹಿಡಿದು, ಒಂದು ಅಂಚಿನಿಂದ ಶುರುಮಾಡಿ ಗಾಳಿ ಹೊರಗೆ ಹೋಗುವಂತೆ ನಿಧಾನಕ್ಕೆ ಕೂರಿಸಿ. ಆಮೇಲೂ ಹುಚ್ಚಾಟ ಆಡಿದರೆ ಸ್ಕ್ಯಾನರ್ ಹಾಕಿ ಕ್ಯಾಲಿಬ್ರೇಶನ್ (ಸೆನ್ಸರ್ ಅಳತೆ ಹೊಂದಿಸೋದು) ಮಾಡಿಸಬೇಕಾದೀತು.

ಕೊಟ್ಟಿಗೆಹಾರ_ಕಾಫಿ

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ನನ್ನದು ಉಲ್ಟಾ ಸಮಸ್ಯೆ. ಚಾರ್ಮಾಡಿಯಲ್ಲಿ ಬೆಳಿಗ್ಗೆ ಹತ್ತು ಮಾರು ಕಾಣದಷ್ಟು ಮಂಜಿದ್ದರೂ ಆಟೋದಲ್ಲಿ ಹೆಡ್‌ಲೈಟ್ ಹತ್ತೋದೇ ಇಲ್ಲ. ಇದೂ ಪ್ಯಾಡ್ ದೋಷವಾ?

ಹುಬ್ಬಳ್ಳಿ_ವೈರಿಂಗ್

ದೋಷ ಅಲ್ಲರೀ, ಅದರ ಹಣೆಬರಹವೇ ಅಷ್ಟು. ಸೆನ್ಸರ್ ಅಳೆಯೋದು ಬೆಳಕು ಎಷ್ಟಿದೆ ಅಂತ, ಎಷ್ಟು ದೂರ ಕಾಣುತ್ತದೆ ಅಂತ ಅಲ್ಲ. ಹಗಲಿನ ಮಂಜು ಬೆಳಕನ್ನು ಎಲ್ಲಾ ಕಡೆ ಚೆಲ್ಲಿ ಬೆಳ್ಳಗೆ ಮಾಡಿರುತ್ತದೆ, ಸೆನ್ಸರ್‌ಗೆ ಅದು ಹಗಲೇ. ಘಾಟಿಯಲ್ಲಿ ಕೈಯಿಂದಲೇ ಹಚ್ಚಿಕೊಳ್ರಿ. ಮುಂದೆ ಡಿಆರ್‌ಎಲ್ (ಹಗಲಲ್ಲಿ ತಾನೇ ಉರಿಯೋ ಮುಂದಿನ ದೀಪ) ಉರೀತಿದೆಯಲ್ಲ ಅಂತ ಸುಮ್ಮನಿರಬ್ಯಾಡ್ರಿ, ಬಹಳ ಕಾರುಗಳಲ್ಲಿ ಡಿಆರ್‌ಎಲ್ ಉರಿದರೂ ಹಿಂದಿನ ದೀಪ ಆರಿರುತ್ತದೆ. ಹಿಂದಿನ ಬಸ್ಸಿನವನಿಗೆ ನೀವು ಕಾಣೋದೇ ಇಲ್ಲ.

ತುಂಗಾತೀರ_ಡ್ರೈವರ್ · ಮುಂದಿನ ಗುರುವಾರ

ಪ್ಯಾಡ್ ಬಂತು, 450 ರೂಪಾಯಿ. ಮೊದಲ ಸಲ ಕೂರಿಸಿದಾಗ ಮೂಲೆಯಲ್ಲಿ ಗುಳ್ಳೆ ಉಳಿಯಿತು, ತೆಗೆದು ಇನ್ನೊಮ್ಮೆ ಕೂರಿಸಿದೆ. ಬಿಸಿಲಲ್ಲಿ ಒಂದು ಗಂಟೆ ಆಟೋದಲ್ಲಿಟ್ಟು ಓಡಿಸಿದೆ, ಲೈಟ್ ಹತ್ತಲಿಲ್ಲ. ಸ್ಪ್ರೇ ಬಾಟಲಿಯಿಂದ ನೀರು ಹೊಡೆದರೆ ವೈಪರ್ ಬೀಸಿ ನಿಂತುಕೊಳ್ಳುತ್ತದೆ. ಮಗಳು ಈಗ ಬಾಟಲಿ ಕೊಡುತ್ತಲೇ ಇಲ್ಲ, ಅದೇ ಅವಳ ಆಟ ಆಗಿದೆ.