ಹುಲ್ಲಿನ ಪೆಂಡಿಗಳ ಗೋಡೆ: ಭಾರ ಹೊರಿಸಬೇಕೇ, ಕಂಬಗಳ ನಡುವೆ ತುಂಬಬೇಕೇ?

ಪ್ರಶ್ನೆ (ಹೊಸಪಾಯ)

ನಾವಿಬ್ಬರು ವಾಸಿಸಲು ಒಂದೇ ಅಂತಸ್ತಿನ ಚಿಕ್ಕ ಮನೆಯನ್ನು ಹುಲ್ಲಿನ ಪೆಂಡಿಗಳಿಂದ (ಯಂತ್ರದಲ್ಲಿ ಒತ್ತಿ ದಾರದಿಂದ ಬಿಗಿದ ಕಟ್ಟುಗಳಿಂದ) ಕಟ್ಟಬೇಕೆಂದು ಯೋಚಿಸಿದ್ದೇವೆ. ಇಟ್ಟಿಗೆ ಸುಡಲು, ಸಿಮೆಂಟ್ ತಯಾರಿಸಲು ಎಷ್ಟು ಇಂಧನ ಉರಿಯುತ್ತದೆ ಎಂಬುದನ್ನು ತಿಳಿದ ಮೇಲೆ, ಕಾಳು ಬಿಡಿಸಿಕೊಂಡ ನಂತರ ಎಷ್ಟೋ ಹೊಲಗಳಲ್ಲಿ ಸುಮ್ಮನೆ ಸುಟ್ಟುಹೋಗುವ ಹುಲ್ಲನ್ನೇ ಗೋಡೆಯಾಗಿಸುವುದು ಒಳ್ಳೆಯದೆನಿಸಿತು. ಆದರೆ ಓದುತ್ತಾ ಹೋದಂತೆ ಗೊಂದಲ ಹೆಚ್ಚಿತು. ಪೆಂಡಿಗಳನ್ನು ಇಟ್ಟಿಗೆಯಂತೆ ಪೇರಿಸಿ ಛಾವಣಿಯ ಭಾರವನ್ನು ಅವುಗಳ ಮೇಲೆಯೇ ಹೊರಿಸಬೇಕೇ, ಅಥವಾ ಮರದ ಕಂಬ-ತೊಲೆಗಳ ಚೌಕಟ್ಟನ್ನು ನಿಲ್ಲಿಸಿ ನಡುವಿನ ಜಾಗಕ್ಕೆ ಮಾತ್ರ ಅವುಗಳನ್ನು ತುಂಬಬೇಕೇ? ಹೊರಗೋಡೆ ಗಟ್ಟಿಯಾಗಿರಲು ಸಿಮೆಂಟ್ ಗಿಲಾವನ್ನೇ ಮಾಡಿಸಿರೆಂದು ಮೇಸ್ತ್ರಿಗಳು ಹೇಳುತ್ತಾರೆ. ಮನೆಯ ಹಿರಿಯರಿಗೆ ಬೆಂಕಿಯ ಭಯ, ಇಲಿಗಳ ಭಯ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ (ತೊಲೆಕಂಬ)

ಎರಡು ಕ್ರಮಗಳಿಗೂ ನೂರು ವರ್ಷಗಳಷ್ಟು ಹಳೆಯ ಆಧಾರವಿದೆ. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಮರಳುದಿಬ್ಬಗಳ ಸೀಮೆಯಲ್ಲಿ ಮರ ಅಪರೂಪವಾಗಿದ್ದುದರಿಂದ, ಹುಲ್ಲನ್ನು ಒತ್ತಿ ಕಟ್ಟುವ ಯಂತ್ರಗಳು ಬಂದ ಮೇಲೆ, 19ನೆಯ ಶತಮಾನದ ಕೊನೆಯ ಹೊತ್ತಿಗೆ ಅಲ್ಲಿನ ಒಕ್ಕಲಿಗರು ಪೆಂಡಿಗಳನ್ನೇ ಪೇರಿಸಿ ಮನೆ ಕಟ್ಟಲಾರಂಭಿಸಿದರು. ಭಾರ ಹೊರುವ ಗೋಡೆಯ ಈ ಕ್ರಮಕ್ಕೆ ಇಂದಿಗೂ ನೆಬ್ರಾಸ್ಕಾ ಪದ್ಧತಿಯೆಂದೇ ಹೆಸರು. ಅದೇ ರಾಜ್ಯದ ಆರ್ಥರ್ ಎಂಬ ಊರಿನಲ್ಲಿ 1928ರಲ್ಲಿ ಹೀಗೆ ಕಟ್ಟಿದ ಚರ್ಚ್ ಒಂದಿದೆ. ಇನ್ನೊಂದು ಕ್ರಮಕ್ಕೆ ಫ್ರಾನ್ಸಿನ ಮೊಂತಾರ್ಜಿ ಪಟ್ಟಣದಲ್ಲಿ 1920ರಲ್ಲಿ ಎಂಜಿನಿಯರ್ ಫೈಯೆಟ್ ಅವರು ಮರದ ಚೌಕಟ್ಟಿಗೆ ಹುಲ್ಲು ತುಂಬಿ ಕಟ್ಟಿದ ಮನೆ ಒಳ್ಳೆಯ ಉದಾಹರಣೆ.

ಮೊದಲ ಬಾರಿಗೆ ಕಟ್ಟುವವರಿಗೆ ನಾನು ಚೌಕಟ್ಟನ್ನೇ ಸೂಚಿಸುತ್ತೇನೆ, ಮತ್ತು ಅದಕ್ಕೆ ಬಲಕ್ಕಿಂತಲೂ ಮುಖ್ಯವಾದ ಕಾರಣ ಮಳೆ. ಚೌಕಟ್ಟಿದ್ದರೆ ಛಾವಣಿಯನ್ನು ಮೊದಲು ಹೊದಿಸಿ, ಅದರ ನೆರಳಿನಲ್ಲಿ ಪೆಂಡಿಗಳನ್ನು ಜೋಡಿಸಬಹುದು. ಭಾರ ಹೊರುವ ಗೋಡೆಯಲ್ಲಾದರೋ ಗೋಡೆ ಮುಗಿಯುವವರೆಗೆ ಛಾವಣಿಯಿಲ್ಲ. ಅಲ್ಲದೆ ಛಾವಣಿಯ ಭಾರಕ್ಕೆ ಅಂತಹ ಗೋಡೆ ಒತ್ತಿಕೊಂಡು ತುಸು ತಗ್ಗುತ್ತದೆ. ಪಟ್ಟಿಗಳಿಂದ ಮೇಲಿನಿಂದ ಕೆಳಕ್ಕೆ ಬಿಗಿದೋ, ಹಲವು ವಾರ ಕಾದೋ ಅದನ್ನು ನೆಲೆಗೊಳಿಸಿದ ಬಳಿಕವೇ ಗಿಲಾವು ಮಾಡಬೇಕು. ಅವಸರಪಟ್ಟರೆ ಬಿರುಕು ಖಚಿತ.

ಚಿಕ್ಕ ಮನೆಯೆಂದಿರಾದ್ದರಿಂದ ಇನ್ನೊಂದು ಮಾತು. ಎರಡು ದಾರದ ಪೆಂಡಿ ಸುಮಾರು 18 ಅಂಗುಲ ಅಗಲ, 14 ಅಂಗುಲ ಎತ್ತರ, 36 ಅಂಗುಲ ಉದ್ದವಿರುತ್ತದೆ. ಅದನ್ನು ಅಡ್ಡವಾಗಿ ಮಲಗಿಸಿದರೆ ಗೋಡೆ 18 ಅಂಗುಲ ದಪ್ಪವಾಗುವುದರಿಂದ, ಒಳಗೆ ಹತ್ತಡಿ ಚೌಕದ ಕೋಣೆ ಬೇಕೆಂದವರು ಹೊರಗೆ ಹದಿಮೂರಡಿ ಚೌಕ ಕಟ್ಟಬೇಕು: 100 ಚದರಡಿಯ ವಾಸಕ್ಕೆ 169 ಚದರಡಿಯ ಪಾಯ, ಅದೂ ಗಿಲಾವಿನ ದಪ್ಪವನ್ನು ಬಿಟ್ಟು. ಪಾಯಕ್ಕೆಲ್ಲ ಕಾಂಕ್ರೀಟ್ ಸುರಿದರೆ ಹುಲ್ಲಿನಿಂದ ಉಳಿಸಿದ್ದು ಅಲ್ಲಿಯೇ ಕರಗೀತು. ಚೌಕಟ್ಟಿನ ನಡುವೆ ಪೆಂಡಿಗಳನ್ನು ಮಗ್ಗುಲಾಗಿ ನಿಲ್ಲಿಸಿದರೆ ಪ್ರತಿ ಗೋಡೆಯ ದಪ್ಪದಲ್ಲಿ ನಾಲ್ಕು ಅಂಗುಲ ಉಳಿಯುತ್ತದೆ.

ಉತ್ತರ (ಸುಣ್ಣಗಾರೆ)

ಮೇಸ್ತ್ರಿಗಳ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಸಿಮೆಂಟ್ ಗಿಲಾವು ಬೇಡ. ಹುಲ್ಲಿನ ಗೋಡೆಗೆ ಎಲ್ಲಿಂದಲೋ ಒಂದಷ್ಟು ತೇವ ಸೇರಿಯೇ ಸೇರುತ್ತದೆ, ಒಳಗಿನ ಅಡುಗೆ ಮತ್ತು ಸ್ನಾನದ ಆವಿಯಾದರೂ ಸೇರುತ್ತದೆ. ಆ ತೇವ ಹೊರಬೀಳಲು ದಾರಿಯಿರಬೇಕು. ಮಣ್ಣಿನ ಅಥವಾ ಸುಣ್ಣದ ಗಿಲಾವು ಆವಿಯನ್ನು ಹಾಯಗೊಡುತ್ತದೆ. ಸಿಮೆಂಟ್ ಗಿಲಾವು ಅದನ್ನು ಬಹುಮಟ್ಟಿಗೆ ತಡೆಯುವುದಲ್ಲದೆ, ಕೂದಲೆಳೆಯ ಬಿರುಕಿನಲ್ಲಿ ನೀರನ್ನು ಒಳಗೆ ಬಿಟ್ಟುಕೊಂಡು ಅದು ಆರಲು ಅವಕಾಶ ಕೊಡುವುದಿಲ್ಲ.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ನಾನು ಮೊದಲು ಕಟ್ಟಿದ ಕೋಣೆಯಲ್ಲಿ ಕಿಟಕಿಯ ಚೌಕಟ್ಟಿನ ಕೆಳಗೆ ನೀರು ತಡೆಯುವ ಹಾಳೆಯನ್ನು ಹಾಸದೆ, ಕಿಟಕಿಯ ತಳದ ಹಲಗೆಯನ್ನು ಗೋಡೆಯ ಮುಖಕ್ಕೆ ಸಮವಾಗಿ ಕತ್ತರಿಸಿ, ಮೇಲೆ ಸಿಮೆಂಟ್ ಬಳಿಸಿದ್ದೆ. ಎರಡು ಮಳೆಗಾಲಗಳ ಬಳಿಕ ಒಳಗಡೆ ಮುಗ್ಗಲು ವಾಸನೆ ಬಂದಾಗ ಗಿಲಾವನ್ನು ಒಡೆದು ನೋಡಿದರೆ, ಕಿಟಕಿಯ ನೇರ ಕೆಳಗಿನ ಎರಡು ಪೆಂಡಿಗಳು ಕಪ್ಪು ಗೊಬ್ಬರವಾಗಿದ್ದವು; ಪಕ್ಕದ ಪೆಂಡಿಗಳು ಮಾತ್ರ ಚಿನ್ನದ ಬಣ್ಣದಲ್ಲಿ ಹಾಗೆಯೇ ಇದ್ದವು. ಆದ್ದರಿಂದ ಕಿಟಕಿಯ ಕೆಳಗಿನ ಪೆಂಡಿಯನ್ನೇ ಮನೆಯ ಅತ್ಯಂತ ದುರ್ಬಲ ಜಾಗವೆಂದು ಭಾವಿಸಿ ಕೆಲಸ ಮಾಡಿರಿ: ಹಲಗೆ ಹೊರಕ್ಕೆ ಇಳಿಜಾರಾಗಿ ಚಾಚಿರಲಿ, ಅದರ ಕೆಳಗೆ ನೀರೊಸರದ ಹಾಳೆಯಿರಲಿ. ಸೂರನ್ನು ಅಗಲವಾಗಿ ಇಳಿಬಿಡಿರಿ. ನೆಲಕ್ಕೆ ಬಿದ್ದು ಸಿಡಿಯುವ ಹನಿ ತಲುಪದಷ್ಟು ಎತ್ತರದ ಕಲ್ಲಿನ ಪಾಯದ ಮೇಲೆ ಮೊದಲ ಸಾಲು ಕೂರಲಿ. ಸ್ನಾನದ ಮನೆಯ ನೀರಿನ ಕೊಳವೆಗಳನ್ನು ಹುಲ್ಲಿನ ಗೋಡೆಯೊಳಗೆ ಹಾಯಿಸಲೇಬೇಡಿರಿ.

ಉತ್ತರ (ಒಣಕಾಂಡ)

ಹಿರಿಯರ ಭಯಕ್ಕೆ ಅರ್ಥವಿದೆ, ಆದರೆ ಅದು ಬೇರೆ ಘಟ್ಟಕ್ಕೆ ಸೇರಿದ್ದು. ಬಿಗಿಯಾಗಿ ಒತ್ತಿ ಎರಡೂ ಕಡೆ ಗಿಲಾವು ಮಾಡಿದ ಹುಲ್ಲಿನ ನಡುವೆ ಬೆಂಕಿಗೆ ಬೇಕಾದ ಗಾಳಿ ಸಿಗದು. ಅಮೆರಿಕದಲ್ಲಿ ಕುಲುಮೆಯ ಮುಂದೆ ನಿಲ್ಲಿಸಿ ನಡೆಸಿದ ಅಧಿಕೃತ ಪರೀಕ್ಷೆಗಳಲ್ಲಿ ಮಣ್ಣಿನ ಗಿಲಾವಿನ ಗೋಡೆ 1 ಗಂಟೆಯ, ಸುಣ್ಣ-ಸಿಮೆಂಟ್ ಗಿಲಾವಿನ ಗೋಡೆ 2 ಗಂಟೆಯ ಬೆಂಕಿ ತಡೆಯುವ ಶ್ರೇಣಿಯನ್ನು ಪಡೆದಿವೆ. ನಿಜವಾದ ಅಪಾಯವಿರುವುದು ಕಟ್ಟುವಾಗ, ನೆಲದ ಮೇಲೆ ಚದುರಿದ ಸಡಿಲ ಹುಲ್ಲಿನಲ್ಲಿ. ಅದನ್ನು ದಿನವೂ ಗುಡಿಸಿ ದೂರ ಹಾಕಿಸಿರಿ. ಬೀಡಿ, ವೆಲ್ಡಿಂಗ್ ಎರಡನ್ನೂ ಹತ್ತಿರ ಬಿಡಬೇಡಿರಿ.

ಇಲಿಗಳಿಗೆ ಕಾಳು ಬೇಕು, ಸಡಿಲ ಜಾಗ ಬೇಕು. ಚೆನ್ನಾಗಿ ಒಕ್ಕಿದ ಹುಲ್ಲು, ಸಂದಿಲ್ಲದ ಗಿಲಾವು ಇದ್ದಲ್ಲಿ ಎರಡೂ ಇಲ್ಲ. ಗೆದ್ದಲಿಗೆ ಮಾತ್ರ ಪಾಯದಲ್ಲಿಯೇ ತಡೆ ಹಾಕಬೇಕು.

ಪ್ರಶ್ನೆ (ಹೊಸಪಾಯ)

ಎಲ್ಲರಿಗೂ ಕೃತಜ್ಞತೆಗಳು. ಚೌಕಟ್ಟಿಗೂ ಸುಣ್ಣದ ಗಿಲಾವಿಗೂ ಮನಸ್ಸು ಒಪ್ಪಿದೆ. ಪೆಂಡಿಗಳನ್ನು ಕೊಳ್ಳುವಾಗ ಏನನ್ನು ನೋಡಬೇಕು?

ಉತ್ತರ (ಸುಣ್ಣಗಾರೆ)

ದನಗಳಿಗೆಂದು ಹಸಿರಾಗಿರುವಾಗಲೇ ಕೊಯ್ದು ಒಣಗಿಸಿದ ಮೇವು ಬೇಡ, ಅದರಲ್ಲಿ ಸತ್ವವಿರುವುದರಿಂದ ಬೇಗ ಕೊಳೆಯುತ್ತದೆ. ಗೋಧಿ, ಭತ್ತದಂತಹ ಬೆಳೆಗಳ ಕಾಂಡವೇ ಬೇಕು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿರುವುದರಿಂದ ಅದು ಇನ್ನೂ ನಿಧಾನವಾಗಿ ಕೊಳೆಯುತ್ತದೆ, ಆದರೆ ಕತ್ತರಿಸುವ ಅಲಗುಗಳನ್ನು ಬೇಗ ಮೊಂಡಾಗಿಸುತ್ತದೆ. ತೇವಾಂಶ ಮಾಪಕದ ಸರಳನ್ನು ಪೆಂಡಿಯ ನಡುವಿನವರೆಗೂ ಚುಚ್ಚಿ ನೋಡಿರಿ. ಶೇಕಡಾ 15ರ ಆಸುಪಾಸಿನಲ್ಲಿದ್ದರೆ ಕೊಳ್ಳಿರಿ, 20 ದಾಟಿದ್ದನ್ನು ಹಿಂದಿರುಗಿಸಿರಿ. ಒಂದೇ ದಾರ ಹಿಡಿದು ಎತ್ತಿದಾಗ ಪೆಂಡಿ ಬಾಗದೆ ಬರಬೇಕು. ಲೆಕ್ಕಕ್ಕಿಂತ ಹತ್ತರಲ್ಲೊಂದು ಪಾಲು ಹೆಚ್ಚಾಗಿ ತರಿಸಿರಿ, ಏಕೆಂದರೆ ಮೂಲೆಗಳಿಗಾಗಿ ಅರ್ಧ ಪೆಂಡಿಗಳನ್ನು ಬಿಚ್ಚಿ ಕಟ್ಟುವಾಗ ಕೆಲವು ಕೈಯಲ್ಲಿಯೇ ಚೆದುರುತ್ತವೆ. ಆ ಹುಲ್ಲೂ ವ್ಯರ್ಥವಲ್ಲ. ತೆಳು ಮಣ್ಣಿನ ರಾಡಿಯಲ್ಲಿ ಕಲಸಿ, ಗಿಲಾವಿಗೆ ಮುನ್ನ ಪೆಂಡಿಗಳ ನಡುವಿನ ಸಂದುಗಳಿಗೆ ಒತ್ತಿ ತುಂಬಲು ಅದೇ ಬೇಕಾಗುತ್ತದೆ.