ಮಲ್ಲಿಗೆ ಕಟ್ಟುವ ಅಮ್ಮನಿಗೆ ಪೊರೆ ಆಪರೇಷನ್: ಯಾವ ಲೆನ್ಸ್ ಹಾಕಿಸುವುದು?

ಪ್ರಶ್ನೆ (ಕಟಪಾಡಿ)

ಅಮ್ಮನಿಗೆ 67 ವರ್ಷ. ಎರಡೂ ಕಣ್ಣಲ್ಲಿ ಪೊರೆ ಉಂಟು, ಮೊದಲು ಬಲಗಣ್ಣಿಗೆ ಆಪರೇಷನ್ ಅಂತ ಹೇಳಿದ್ದಾರೆ. ಸಣ್ಣ ಪ್ರಾಯದಿಂದಲೂ ಮೈನಸ್ 3ರ ಕನ್ನಡಕ. ಶುಗರಿಗೆ ಮಾತ್ರೆ ತಗೊಳ್ತಾರೆ. ದಿನಾ ಬೆಳಿಗ್ಗೆ ಮಲ್ಲಿಗೆ ಕಟ್ಟುವ ಕೆಲಸ, ಆಗ ಕನ್ನಡಕ ತೆಗೆದಿಟ್ಟು ಕೂರ್ತಾರೆ. ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ಲೆನ್ಸಿಗೆ ಆಸ್ಪತ್ರೆಯಲ್ಲಿ ಒಂದು ಪಟ್ಟಿ ಕೊಟ್ಟರು: ಮೊನೊಫೋಕಲ್, ಟೋರಿಕ್, ಟ್ರೈಫೋಕಲ್. ಕೆಳಗೆ ಹೋದ ಹಾಗೆ ಕ್ರಯ ಮೇಲೆ. ಜಾಸ್ತಿ ಕ್ರಯದ್ದೇ ಒಳ್ಳೆಯದಾ? ಮಳೆಗಾಲ ಮುಗಿಯಲಿ ಅಂತ ಕಾಯಬೇಕಾ? ಗೊತ್ತಿದ್ದವರು ತಿಳಿಸಿ.

ಆಪ್ಟೊಮೆಟ್ರಿಸ್ಟ್, ಮಂಗಳೂರು

ಪಟ್ಟಿ ಸ್ವಲ್ಪ ಬದಿಗಿಡಿ. "ಕನ್ನಡಕ ತೆಗೆದಿಟ್ಟು ಕೂರ್ತಾರೆ" ಅಂತ ಬರೆದಿದ್ದೀರಲ್ಲ, ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ಅದೇ.

ಮೈನಸ್ 3ರ ಕಣ್ಣಿಗೆ ಬರಿಗಣ್ಣಲ್ಲಿ ಸ್ಪಷ್ಟವಾಗಿ ಕಾಣುವುದು ಸುಮಾರು 33 ಸೆಂ.ಮೀ. ದೂರದಲ್ಲಿ. ಲೆಕ್ಕ ಸುಲಭ, 100ನ್ನು ಪವರಿನಿಂದ ಭಾಗಿಸಿ. ಬಾಳೆನಾರಲ್ಲಿ ಮೊಗ್ಗು ಪೋಣಿಸುವ ಬೆರಳು ಇರುವುದೂ ಹೆಚ್ಚುಕಮ್ಮಿ ಅಲ್ಲಿಯೇ. ಏನೂ ಹೇಳದಿದ್ದರೆ ಸಾಮಾನ್ಯವಾಗಿ ದೂರದ ಕನ್ನಡಕದ ನಂಬರ್ ಸೊನ್ನೆಗೆ ಬರುವ ಹಾಗೆ ಲೆನ್ಸಿನ ಪವರ್ ಆರಿಸ್ತಾರೆ. ಆಗ ಬಸ್ಸಿನ ಬೋರ್ಡು ಬರಿಗಣ್ಣಿಗೆ ಓದ್ಲಿಕ್ಕೆ ಬರ್ತದೆ, ಮೊಗ್ಗಿನ ತೊಟ್ಟು ಮಸುಕಾಗ್ತದೆ. ಐವತ್ತು ವರ್ಷ ಬರಿಗಣ್ಣಲ್ಲಿ ಮಾಡಿದ ಕೆಲಸಕ್ಕೆ ಕನ್ನಡಕ ಬೇಕಾದಾಗ "ಆಪರೇಷನ್ ಹಾಳಾಯ್ತು" ಅನಿಸುವುದು ಸಹಜ. ಆಪರೇಷನ್ ಸರಿಯಾಗಿಯೇ ಆಗಿರ್ತದೆ, ಯಾವ ದೂರಕ್ಕೆ ಅಂತ ಮಾತಾಡಿರುವುದಿಲ್ಲ ಅಷ್ಟೆ.

ಮೊನೊಫೋಕಲ್ ಅಂದರೆ ಒಂದೇ ದೂರಕ್ಕೆ ನಿಲ್ಲುವ ಲೆನ್ಸ್. ಆ ದೂರವನ್ನು ನಾವೇ ಆರಿಸಬಹುದು. ಮೈನಸ್ 2.5ಕ್ಕೆ ನಿಲ್ಲಿಸಿ ಅಂತ ಕೇಳಿದರೆ 40 ಸೆಂ.ಮೀ.ನಲ್ಲಿ ಮಲ್ಲಿಗೆಯೂ ಪೇಪರೂ ಬರಿಗಣ್ಣಿಗೇ ಕಾಣ್ತದೆ. ಹೊರಗೆ ಹೋಗುವಾಗ ಕನ್ನಡಕ ಬೇಕು, ಅದು ಅವರಿಗೆ ಹೊಸತಲ್ಲ. ಬೀಡಿ ಕಟ್ಟುವವರಿಗೂ ಇದೇ ಲೆಕ್ಕ.

ಟೋರಿಕ್ ಅಂದರೆ ಸಿಲಿಂಡರನ್ನೂ, ಅಂದರೆ ಕಣ್ಣಿನ ವಕ್ರತೆ ಎಲ್ಲ ದಿಕ್ಕಿನಲ್ಲಿ ಒಂದೇ ಸಮ ಇಲ್ಲದ ದೋಷವನ್ನೂ, ಸರಿಮಾಡುವ ಲೆನ್ಸ್. ಅದು ಬೇಕಾಗುವುದು ಕಾರ್ನಿಯಾದಲ್ಲಿ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಸಿಲಿಂಡರ್ ಸುಮಾರು 1 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ. ಕನ್ನಡಕದ ಚೀಟಿಯಲ್ಲಿರುವ ಸಿಲಿಂಡರ್ ನೋಡಿ ತೀರ್ಮಾನಿಸಬೇಡಿ. ಅದರಲ್ಲಿ ಸ್ವಲ್ಪ ಭಾಗ ಪೊರೆ ಬಂದ ಮಸೂರದ್ದೇ ಇರಬಹುದು, ಮಸೂರ ತೆಗೆದಾಗ ಅದೂ ಹೋಗ್ತದೆ. ಟೋರಿಕ್ ಲೆನ್ಸ್ ತಾನು ಕೂರಬೇಕಾದ ಅಕ್ಷದಿಂದ 1 ಡಿಗ್ರಿ ತಿರುಗಿದರೆ ಶೇ 3ರಷ್ಟು ಪ್ರಯೋಜನ ಹೋಗ್ತದೆ, 30 ಡಿಗ್ರಿ ತಿರುಗಿದರೆ ಪ್ರಯೋಜನವೇ ಇಲ್ಲ. ಮಲಗಿದಾಗ ಕಣ್ಣು ಗೂಡಿನೊಳಗೆ ಸ್ವಲ್ಪ ಹೊರಳ್ತದೆ. ಹಾಗಾಗಿ ಕೈಯಿಂದ ಅಕ್ಷದ ಗುರುತು ಹಾಕುವುದಾದರೆ ರೋಗಿಯನ್ನು ಕೂರಿಸಿಯೇ ಹಾಕ್ತಾರೆ.

ಟ್ರೈಫೋಕಲ್ ಬರುವ ಬೆಳಕನ್ನೇ ದೂರ, ಮಧ್ಯ, ಹತ್ತಿರ ಅಂತ ಪಾಲು ಮಾಡ್ತದೆ. ಪಾಲಾದ ಮೇಲೆ ಒಂದೊಂದಕ್ಕೆ ಸಿಗುವುದು ಕಡಿಮೆ. ಮಬ್ಬು ಬೆಳಕಲ್ಲಿ ಬಿಳಿ ಮೊಗ್ಗು, ತಿಳಿ ಬಣ್ಣದ ನಾರು ಬೇರೆ ಮಾಡಿ ನೋಡುವುದು ಕಷ್ಟವಾಗಬಹುದು. ರಾತ್ರಿ ಹೆದ್ದಾರಿಯಲ್ಲಿ ಎದುರು ಬರುವ ಲೈಟಿನ ಸುತ್ತ ಬಳೆ ಕಾಣ್ತದೆ. ಅಕ್ಷಿಪಟಲ (ಕಣ್ಣಿನ ಹಿಂದಿನ ಪರದೆ) ಚೆನ್ನಾಗಿದ್ದು, ಕನ್ನಡಕವೇ ಬೇಡ ಅನ್ನುವವರಿಗೆ ಅದು ಒಳ್ಳೆಯ ಲೆನ್ಸೇ. ಶುಗರಿನಿಂದ ಅಕ್ಷಿಪಟಲದ ನಡುಭಾಗಕ್ಕೆ ಪೆಟ್ಟು ಬಿದ್ದಿದ್ದರೆ, ಮುಂದೆ ಬೀಳುವ ಹಾಗಿದ್ದರೆ ಬೇಡ.

ಶಿರ್ವ

ಮೇಲಿನವರ ಮಾತಿಗೆ ಒಂದು ತಕರಾರು. ಎರಡೂ ಕಣ್ಣು ಹತ್ತಿರಕ್ಕೇ ಯಾಕೆ? ಒಂದು ದೂರಕ್ಕೆ, ಒಂದು ಹತ್ತಿರಕ್ಕೆ ಮಾಡಬಹುದಲ್ಲ? ನಮ್ಮಲ್ಲಿ ನಾಲ್ಕು ತಿಂಗಳು ಮಳೆ, ಕನ್ನಡಕದ ಗಾಜು ಒರೆಸುವುದೇ ಒಂದು ಕೆಲಸ.

ಆಪ್ಟೊಮೆಟ್ರಿಸ್ಟ್, ಮಂಗಳೂರು

ಮಾಡ್ತಾರೆ, ಮೊನೊವಿಷನ್ ಅಂತ. ಹೆಚ್ಚಿನವರು ಸುಲಭದಲ್ಲಿ ಒಗ್ಗಿಕೊಳ್ಳುವುದು ಎರಡು ಕಣ್ಣಿಗೂ 1ರಿಂದ 1.5ರ ಒಳಗಿನ ವ್ಯತ್ಯಾಸಕ್ಕೆ. ಮೈನಸ್ 1.5 ಅಂದರೆ 66 ಸೆಂ.ಮೀ. ಅಡುಗೆಗೆ ಸಾಕು, ಮಲ್ಲಿಗೆಗೆ ಸಾಲದು. ವ್ಯತ್ಯಾಸ 2.5 ಆದರೆ ಕೆಲವರಿಗೆ ಮೆಟ್ಟಿಲು ಇಳಿಯುವಾಗ ಆಳದ ಅಂದಾಜು ತಪ್ತದೆ. ಮೊದಲ ಕಣ್ಣು ಹತ್ತಿರಕ್ಕೆ ಮಾಡಿಸಿ, ಎರಡನೆಯದನ್ನು ಆಮೇಲೆ ನೋಡುವ ಅಂತ ಡಾಕ್ಟರ ಹತ್ತಿರ ಕೇಳಬಹುದು. ಮೊದಲ ಕಣ್ಣನ್ನೇ ಸೊನ್ನೆಗೆ ತಂದರೆ ಎರಡನೆಯದು ಆಗುವವರೆಗೆ ಒಂದು ಕಣ್ಣು ಸೊನ್ನೆ, ಒಂದು ಮೈನಸ್ 3. ಯಾವ ಕನ್ನಡಕ ಹಾಕಿದರೂ ಸಮಾಧಾನ ಇರುವುದಿಲ್ಲ.

ಬಯೋಮೆಟ್ರಿ (ಲೆನ್ಸಿಗೆ ಕಣ್ಣಿನ ಅಳತೆ) ಟೆಕ್ನಿಷಿಯನ್, ಉಡುಪಿ

ಯಾವ ಜಾತಿಯ ಲೆನ್ಸಾದರೂ ಅಳತೆ ತಪ್ಪಿದರೆ ದುಡ್ಡು ದಂಡ. ಕಣ್ಣಿನ ಉದ್ದ 1 ಮಿ.ಮೀ. ತಪ್ಪಾಗಿ ಅಳೆದರೆ ಪವರಿನಲ್ಲಿ 2.5ರಿಂದ 3ರಷ್ಟು ತಪ್ಪು ಬರ್ತದೆ. ಬೆಳಕಿನಿಂದ ಅಳೆಯುವ ಮೆಷಿನ್ ಕಣ್ಣನ್ನು ಮುಟ್ಟುವುದಿಲ್ಲ, ನಿಖರ ಕೂಡ. ಆದರೆ ಪೊರೆ ತೀರಾ ದಪ್ಪವಾಗಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ, ಆಗ ಶಬ್ದದ ಅಲೆಯಿಂದ ಅಳೆಯುವ ಎ-ಸ್ಕ್ಯಾನ್. ಅದರ ಪೆನ್ನನ್ನು ಕಾರ್ನಿಯಾಕ್ಕೆ ಸ್ವಲ್ಪ ಒತ್ತಿ ಹಿಡಿದರೂ ಕಣ್ಣು ಗಿಡ್ಡ ಅಂತ ತೋರಿಸ್ತದೆ, ಲೆನ್ಸಿನ ಪವರ್ ಜಾಸ್ತಿಯಾಗ್ತದೆ, ಎಣಿಸಿದ್ದಕ್ಕಿಂತ ಹೆಚ್ಚು ಮೈನಸ್ ಉಳೀತದೆ. ನಡುವೆ ನೀರಿನ ಕಪ್ ಇಟ್ಟು ಅಳೆಯುವ ಇಮ್ಮರ್ಷನ್ ವಿಧಾನದಲ್ಲಿ ಈ ಒತ್ತಡ ಇಲ್ಲ.

ಕಣ್ಣು ಒಣಗಿದ್ದರೆ ಕಾರ್ನಿಯಾದ ವಕ್ರತೆ ಒಂದೊಂದು ಸಲ ಒಂದೊಂದು ಬರ್ತದೆ. ಅಂಥವರಿಗೆ ಕೆಲವು ವಾರ ಕಣ್ಣೀರಿನ ಡ್ರಾಪ್ಸ್ ಹಾಕಿಸಿ ಮತ್ತೆ ಅಳೆಯುವುದೇ ಸರಿ.

ಅಮ್ಮನ ಹಳೆಯ ಕನ್ನಡಕದ ಚೀಟಿ ಇದ್ದರೆ ಹಿಡಿದುಕೊಂಡು ಹೋಗಿ. ಪೊರೆ ಬಲಿಯುವಾಗ ಮೈನಸ್ ಏರುವುದುಂಟು, ಹಾಗಾಗಿ ಈಗಿನ ನಂಬರ್ ಅವರ ನಿಜವಾದ ಅಭ್ಯಾಸದ ನಂಬರ್ ಅಲ್ಲದಿರಬಹುದು. ಅಳತೆಯ ದಿನವೇ ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡ್ಲಿಕ್ಕೂ ಅದರ ಪದರಗಳನ್ನು ತೋರಿಸುವ ಒಸಿಟಿ ಸ್ಕ್ಯಾನಿಗೂ ಹೇಳಿ. ನಡುಭಾಗದಲ್ಲಿ ಬಾವು ಇದ್ದರೆ ಸಾಮಾನ್ಯವಾಗಿ ಮೊದಲು ಅದಕ್ಕೆ ಮದ್ದು, ಆಮೇಲೆ ಪೊರೆ.

ಕಣ್ಣಿನ ವಿಭಾಗದ ನರ್ಸ್, ಮಣಿಪಾಲ

ಮಳೆಗಾಲ ಮುಗಿಯಲಿ ಅಂತ ಕಾಯಬೇಕಾಗಿಲ್ಲ ಮಾರಾಯ್ರೆ. ಥಿಯೇಟರಿನೊಳಗೆ ಮಳೆಯ ಆಟಿ ತಿಂಗಳೂ ಒಂದೇ, ಚೈತ್ರವೂ ಒಂದೇ. ಪೊರೆ ಹಣ್ಣಾಗಲಿ ಅಂತ ಕಾಯುವುದೂ ಬೇಡ. ಗಟ್ಟಿಯಾದಷ್ಟೂ ಫೇಕೊದಲ್ಲಿ (ಶಬ್ದದ ಅಲೆಯಿಂದ ಪೊರೆ ಒಡೆದು ತೆಗೆಯುವ ವಿಧಾನ) ಒಡೆಯಲು ಹೆಚ್ಚು ಶಕ್ತಿ ಕೊಡಬೇಕಾಗ್ತದೆ, ಕಾರ್ನಿಯಾ ಊದಿಕೊಳ್ತದೆ. ತೀರಾ ಕಂದು ತಿರುಗಿದ ಪೊರೆಗೆ ಫೇಕೊದ 2ರಿಂದ 3 ಮಿ.ಮೀ. ಗಾಯದ ಬದಲು 6–7 ಮಿ.ಮೀ. ಗಾಯದಿಂದ ಪೊರೆಯನ್ನು ಕೈಯಿಂದ ಹೊರತೆಗೆಯುವ ಎಸ್‌ಐಸಿಎಸ್ ಮಾಡುವುದುಂಟು. ಅದೂ ಹೊಲಿಗೆ ಇಲ್ಲದ ಒಳ್ಳೆಯ ಆಪರೇಷನ್ನೇ, ಕಣ್ಣು ಸಮಾ ಆಗಲು ಸ್ವಲ್ಪ ಹೆಚ್ಚು ದಿನ ಬೇಕು.

ಮನೆಗೆ ಬಂದ ಮೇಲೆ ಎಡವುವುದು ಹೆಚ್ಚಾಗಿ ಡ್ರಾಪ್ಸಿನಲ್ಲಿ. ಸ್ಟೀರಾಯ್ಡ್ ಬಾಟಲಿ ಬಿಳಿ ಹಾಲಿನ ಹಾಗೆ ಇದ್ದರೆ ಮದ್ದು ತಳದಲ್ಲಿ ಕೂತಿರ್ತದೆ, ಚೆನ್ನಾಗಿ ಕುಲುಕಿ ಹಾಕಿ. ಕೆಳರೆಪ್ಪೆ ಎಳೆದು ಒಂದೇ ಹನಿ. ಕಣ್ಣು ಮುಚ್ಚಿ ಮೂಗಿನ ಬದಿಯ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಇನ್ನೊಂದು ಮದ್ದಿಗೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಮೊದಲನೆಯದು ತೊಳೆದು ಹೋಗ್ತದೆ. ಬಾಟಲಿಯ ಮೂತಿ ರೆಪ್ಪೆಗೆ ತಾಗಬಾರದು. ಸ್ಟೀರಾಯ್ಡನ್ನು ವಾರವಾರಕ್ಕೆ ಕಡಿಮೆ ಮಾಡುತ್ತಾ ಸುಮಾರು 4ರಿಂದ 6 ವಾರ ಹಾಕ್ತಾರೆ. ಕೆಂಪು ಹೋಯಿತು ಅಂತ ನಡುವೆ ನಿಲ್ಲಿಸಿದರೆ ಉರಿಯೂತ ಮತ್ತೆ ಬರಬಹುದು.

ಡಾಕ್ಟ್ರು ಹೇಳುವವರೆಗೆ ತಲೆಗೆ ನೀರು ಬೇಡ, ದೇವಸ್ಥಾನದ ಕೆರೆಯೂ ಬೇಡ. ಬಚ್ಚಲಲ್ಲಿ ಹಂಡೆಗೆ ಬೆಂಕಿ ಹಾಕುವ ಕೆಲಸ ಬೇರೆಯವರಿಗೆ ಕೊಡಿ, ಹೊಗೆಗೆ ಕಣ್ಣು ಉಜ್ಜಿಯೇ ಉಜ್ಜುತ್ತಾರೆ. ರಾತ್ರಿ ಪ್ಲಾಸ್ಟಿಕ್ ಶೀಲ್ಡ್ ಹಾಕಿ ಮಲಗಿಸಿ.

ನೋವು ಹೆಚ್ಚುತ್ತಾ ಹೋದರೆ, ಬಂದ ದೃಷ್ಟಿ ಮತ್ತೆ ಕಡಿಮೆಯಾದರೆ, ಕೀವು ಬಂದರೆ ಬೆಳಗಾಗಲಿ ಅಂತ ಕಾಯಬೇಡಿ, ಅದೇ ಗಂಟೆಗೆ ಹೊರಡಿ. ಕಣ್ಣೊಳಗಿನ ಸೋಂಕು ಗಂಟೆಗಳಲ್ಲಿ ಕೆಡಿಸ್ತದೆ. ಮಿಂಚು ಹೊಡೆದ ಹಾಗೆ ಅಥವಾ ಬದಿಯಿಂದ ಪರದೆ ಇಳಿದ ಹಾಗೆ ಕಂಡರೂ ಹಾಗೆಯೇ. ಮೈನಸ್ ಕಣ್ಣಿನವರಿಗೆ ಅಕ್ಷಿಪಟಲ ಕಳಚುವ ಭಯ ಉಳಿದವರಿಗಿಂತ ಹೆಚ್ಚು.

ಅಪ್ಪಂದಿರಿಗೆ ಮಾಡಿಸುವವರು ಇದನ್ನು ಓದ್ತಿದ್ದರೆ: ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್ ತಗೊಳ್ತಿದ್ದರೆ, ಹಿಂದೆ ತಗೊಂಡಿದ್ದರೂ, ಮೊದಲೇ ಹೇಳಿ. ಆಪರೇಷನ್ ನಡುವೆ ಪಾಪೆ ಸಣ್ಣದಾಗಿ ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಪರದೆ) ಸಡಿಲವಾಗ್ತದೆ. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ನಿಲ್ಲಿಸಿದರೂ ಆ ಪರಿಣಾಮ ಪೂರ್ತಿ ಹೋಗುವುದಿಲ್ಲ.

ವಿಮೆ ಡೆಸ್ಕ್, ಮಂಗಳೂರು

ಅನೇಕ ಪಾಲಿಸಿಗಳಲ್ಲಿ ಪೊರೆಗೆ 24 ತಿಂಗಳು ಕಾಯುವ ಅವಧಿ ಇರ್ತದೆ, ಒಂದು ಕಣ್ಣಿಗೆ ಇಷ್ಟೇ ಅಂತ ಮಿತಿಯೂ ಇರ್ತದೆ. ದುಬಾರಿ ಲೆನ್ಸಿನ ವ್ಯತ್ಯಾಸ ಕೈಯಿಂದಲೇ ಹೋಗಬಹುದು, ಮೊದಲೇ ಬರಹದಲ್ಲಿ ಕೇಳಿ. ಪೊರೆ ಆಪರೇಷನ್ ಡೇ-ಕೇರ್ ಲೆಕ್ಕಕ್ಕೆ ಬರ್ತದೆ, 24 ಗಂಟೆ ದಾಖಲಾಗಬೇಕಾಗಿಲ್ಲ.

ಲೆನ್ಸ್ ಪೆಟ್ಟಿಗೆಯಲ್ಲಿ ಸ್ಟಿಕ್ಕರ್ ಬರ್ತದೆ: ಮಾಡೆಲ್, ಪವರ್, ಸೀರಿಯಲ್ ನಂಬರ್, ಅವಧಿ ಮುಗಿಯುವ ದಿನ. ಅದನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿ ಕೊಟ್ಟಿದ್ದಾರಾ ಅಂತ ನೋಡಿಯೇ ಬಿಲ್ ಕಟ್ಟಿ. ಎರಡನೆಯ ಕಣ್ಣಿನ ಲೆನ್ಸ್ ಲೆಕ್ಕ ಹಾಕುವಾಗ ಡಾಕ್ಟ್ರು ಮೊದಲು ಕೇಳುವುದು ಆ ಸ್ಟಿಕ್ಕರನ್ನೇ.

ಪ್ರಶ್ನೆ ಕೇಳಿದವರು

ಉಪಕಾರ ಆಯ್ತು ಎಲ್ಲರಿಗೂ. ನಾಳೆ ಬೆಳಿಗ್ಗೆ ಅಮ್ಮ ಮಲ್ಲಿಗೆ ಕಟ್ಟಲು ಕೂತಾಗ ಕಣ್ಣಿಂದ ಬೆರಳಿಗೆ ಟೇಪ್ ಹಿಡಿದು ಅಳೆದು, ಆ ಸೆಂಟಿಮೀಟರ್ ಬರೆದುಕೊಂಡೇ ಡಾಕ್ಟರ ಹತ್ತಿರ ಹೋಗ್ತೇನೆ.