ಸಂಮೋಹನ ಚಿಕಿತ್ಸಕರ ಜಾಲತಾಣದ ಮೊದಲ ಪುಟದಲ್ಲಿ ಏನಿರಬೇಕು?

ಪ್ರಶ್ನೆ: ಸಂಮೋಹನ ಚಿಕಿತ್ಸಕರೊಬ್ಬರಿಗಾಗಿ ಜಾಲತಾಣ ರೂಪಿಸುತ್ತಿದ್ದೇನೆ. ತಿರುಗುವ ಸುರುಳಿಯ ಚಿತ್ರ, ತಾನಾಗಿಯೇ ಮೊಳಗುವ ಸಂಗೀತ ಮತ್ತು ಗುಣಮುಖರಾದವರ ಹೊಗಳಿಕೆಗಳು ಮೊದಲ ಪುಟದಲ್ಲೇ ಇರಬೇಕೆಂಬುದು ಅವರ ಅಪೇಕ್ಷೆ. ಆತಂಕದಲ್ಲಿರುವ ಓದುಗರಿಗೆ ಇವುಗಳಿಂದ ನೆರವಾಗುತ್ತದೆಯೇ?

ಉತ್ತರ 1: ಸುರುಳಿಯನ್ನು ಮೊದಲು ತೆಗೆಯಿರಿ, ಅದು ಚಿಕಿತ್ಸೆಗಿಂತ ರಂಗಪ್ರದರ್ಶನವನ್ನೇ ನೆನಪಿಸುತ್ತದೆ. ಜಾಲತಾಣಗಳ ಸುಲಭಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ, ತಾನಾಗಿ ಆರಂಭವಾಗಿ 5 ಸೆಕೆಂಡುಗಳನ್ನು ಮೀರಿ ಇತರ ವಿಷಯದ ಪಕ್ಕದಲ್ಲಿ ಚಲಿಸುವ ಚಿತ್ರವನ್ನು ನಿಲ್ಲಿಸುವ ಸೌಲಭ್ಯ ಓದುಗರಿಗೆ ಇರಬೇಕು. ಶಾಂತಭಾವದ ಹೆಸರಿನಲ್ಲಿ ತಿಳಿಬಣ್ಣದ ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರಗಳನ್ನು ಬಳಸುವ ರೂಢಿಯೂ ಇದೆ. ಸಾಮಾನ್ಯ ಗಾತ್ರದ ಅಕ್ಷರಗಳಿಗೂ ಹಿನ್ನೆಲೆಗೂ ನಡುವೆ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕು.

ಉತ್ತರ 2: ವಿನ್ಯಾಸಕ್ಕಿಂತ ಬರವಣಿಗೆಯೇ ಮುಖ್ಯವೆಂದು ನನ್ನ ಅಭಿಪ್ರಾಯ. ಸಂಮೋಹನದಲ್ಲಿ ಪ್ರಜ್ಞೆ ತಪ್ಪುವುದಿಲ್ಲ, ಇಚ್ಛಾಶಕ್ತಿಯೂ ಚಿಕಿತ್ಸಕರ ವಶವಾಗುವುದಿಲ್ಲ ಎಂಬುದನ್ನು, ಮೊದಲ ಭೇಟಿಯಲ್ಲಿ ನಡೆಯುವುದೇನು, ಚಿಕಿತ್ಸಕರ ತರಬೇತಿ ಯಾವುದು, ಶುಲ್ಕವೆಷ್ಟು ಎಂಬ ವಿವರಗಳ ಜೊತೆಗೆ ಸರಳವಾಗಿ ಹೇಳಿದರೆ ಓದುಗರ ಅರ್ಧ ಅಳುಕು ಕಳೆಯುತ್ತದೆ. ‘ಖಚಿತ ಗುಣ’ ಎಂಬ ಮಾತು ಮಾತ್ರ ಬೇಡವೇ ಬೇಡ. ಚಿಕಿತ್ಸಾ ಮಾರ್ಗಸೂಚಿಗಳನ್ನು ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2008ರ ಮಾರ್ಗಸೂಚಿಯು ಸಹ, ಕೆರಳುವ ಕರುಳಿನ ತೊಂದರೆಗೆ (ಐಬಿಎಸ್) 12 ತಿಂಗಳ ಔಷಧದಿಂದ ಫಲ ಕಾಣದವರ ವಿಷಯದಲ್ಲಷ್ಟೇ ಸಂಮೋಹನ ಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಅಳೆದು ತೂಗಿ ಹೇಳುತ್ತದೆ.

ಉತ್ತರ 3: ಹೊಗಳಿಕೆಗಳ ಬಗ್ಗೆ ಎಚ್ಚರ, ಅನುಮತಿ ಇದ್ದರೂ ರೋಗಿಯ ಗುರುತು ಬಯಲಾಗಬಹುದು, ಕೆಲವು ವೃತ್ತಿಸಂಹಿತೆಗಳು ಅವುಗಳನ್ನು ನಿರ್ಬಂಧಿಸುತ್ತವೆ ಕೂಡ. ಭೇಟಿ ಕಾಯ್ದಿರಿಸುವ ನಮೂನೆಯಲ್ಲಿ ಹೆಸರು, ಸಂಪರ್ಕ, ಅನುಕೂಲದ ಸಮಯ ಸಾಕು. ರೋಗದ ವಿವರ ಕೇಳಬೇಡಿ, ಆ ಪುಟದಲ್ಲಿ ಓದುಗರ ಜಾಡುಹಿಡಿಯುವ ಜಾಹೀರಾತು ಸಂಸ್ಥೆಗಳ ಸಂಕೇತಗಳನ್ನೂ (ಟ್ರ್ಯಾಕಿಂಗ್ ಕೋಡ್) ಇಡಬೇಡಿ.